ತಲೆ ಕೊಯ್ದ ಪೀಪಾಯಿ

ಬಿಯರ್ ಕಾರ್ಖಾನೆಯ ಹವ್ರಾಂಕೊವಾ ಮೇಡಂ ಎಣಿಸಿ ಮುಗಿಸುವ ಮೊದಲೇ ಲೆಕ್ಕ ಎಷ್ಟಕ್ಕೆ ನಿಲ್ಲುತ್ತದೆಂದು ವಿಲೇಮನಿಗೆ ಗೊತ್ತಿತ್ತು. ಆದರೂ ಆಕೆ ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಒಂದೊಂದು ಬಿಯರ್ ಪೀಪಾಯಿಯ ನೆತ್ತಿಗೂ ಹಿಡಿದು ಪಿಕ್ ಎನ್ನಿಸುತ್ತ ಅಂಗಳದ ಆ ಮೂಲೆಯಿಂದ ಈ ಮೂಲೆಗೆ ಬರುವಾಗ, ತಾನೂ ತುಟಿಯೊಳಗೇ ಎಣಿಸುತ್ತಿದ್ದೇನೆ, ಹೇಗೋ ಒಂದು ಹೆಚ್ಚಿಗೆ ಸಿಕ್ಕಿಬಿಡಲಿ ಎಂದು ಆಸೆಪಡುತ್ತಿದ್ದೇನೆ ಎಂಬುದು ಗಮನಕ್ಕೆ ಬಂದು ಅವನಿಗೆ ನಾಚಿಕೆಯಾಯಿತು. ಅರವತ್ತೊಂದು ವರ್ಷದ ಗಂಡಸು, ಮೂವತ್ತೆರಡು ವರ್ಷ ಹಾಲಿನ ಡೇರಿಯಲ್ಲಿ ಸ್ಟೀಲಿಗೆ ಬೆಸುಗೆ ಹಾಕಿ ನಿವೃತ್ತನಾದವನು, ಪಡಖಾನೆಯ ಹಿತ್ತಲಲ್ಲಿ ಕೈಗವಸು ಹಿಡಿದುಕೊಂಡು ಪವಾಡಕ್ಕೆ ಕಾದು ನಿಂತಿದ್ದಾನೆ. ಅಕ್ಟೋಬರಿನ ಶನಿವಾರದ ಬೆಳಿಗ್ಗೆ. ರಾತ್ರಿಯ ಮಂಜು ಪೀಪಾಯಿಗಳ ಮೇಲೆ ಹನಿಗಟ್ಟಿ, ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಬ್ಲಾಜೆನಾ ಗಂಡನ ಹಳೇ ಉಣ್ಣೆ ಕೋಟು ಹೊದ್ದು ನಿಂತಿದ್ದಳು. ಆ ಗಂಡ, ವಿಲೇಮನ ಗೆಳೆಯ ಲುದ್ವೀಕ್, ಸತ್ತು ಎರಡು ತಿಂಗಳಾಗಿತ್ತು. ಒಬ್ಬಳೇ ನಡೆಸಲಾರೆನೆಂದು ಪಡಖಾನೆ ಮುಚ್ಚುತ್ತಿದ್ದಳು. ಇವತ್ತು ಕಾರ್ಖಾನೆಯ ಲಾರಿ ಪೀಪಾಯಿಗಳನ್ನು ಹೊತ್ತುಕೊಂಡು ಹೋದರೆ ಅಲ್ಲಿಗೆ ಮುಗಿಯಿತು. ಏರಿಸಿಕೊಡುವುದಕ್ಕೆ ಬಾ ಎಂದು ಗುರುವಾರ ಫೋನು ಮಾಡಿದ್ದಳು. ಬರುವುದಿಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಬರುವ ಮುಂಚೆ, ಇನ್ನೂ ಬೆಳಕು ಹರಿಯುವಾಗ, ಅವನು ತನ್ನ ಗ್ಯಾರೇಜಿನಲ್ಲಿ ನೀರು ಕಾಯಿಸಿ ಮಾಲ್ಟ್ ನೆನೆಹಾಕಿದ್ದ. ಶನಿವಾರ ಅವನು ಮನೆಬಳಕೆಗೆ ಬಿಯರ್ ಇಳಿಸುವ ದಿನ. ಹಾಗೆ ಮಾಡದಿದ್ದರೆ ಹೆಂಡತಿ ಯಾರ್ಮಿಲಾ ಯಾಕೆ ಎಂದು ಕೇಳುತ್ತಿದ್ದಳು. ಅರೆದ ಮೊಳಕೆ ಬಾರ್ಲಿ ಬಿಸಿನೀರಿನಲ್ಲಿ ಮುಳುಗಿ, ಗಂಜಿಯಾಗಿ, ತನ್ನ ಸಿಹಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತಿರುವ ಆ ಹಂಡೆಗೆ ಅವನು ತಾಯಿಯ ಕಾಲದ ಕೌದಿಯನ್ನು ಮಗುವಿಗೆ ಸುತ್ತಿದಂತೆ ಸುತ್ತಿ, ಮೇಲೆ ಹಗ್ಗ ಕಟ್ಟಿ ಬಂದಿದ್ದ. ಆ ಹಂಡೆಯೇ ನಲವತ್ತೆರಡನೆಯ ಪೀಪಾಯಿ.

“ನಲವತ್ತೊಂದು,” ಎಂದಳು ಹವ್ರಾಂಕೊವಾ. ಬೈಯುವ ದನಿಯಲ್ಲ, ಹವಾಮಾನ ಹೇಳುವ ದನಿ. “ಒಂದು ಕಮ್ಮಿ ಬರ್ತಿದೆ. ನೆಲಮಾಳಿಗೆಯಲ್ಲಿ ಏನಾದ್ರೂ ಉಳಿದಿದೆಯಾ?”

“ಇಲ್ಲ. ನಾನೇ ಗುಡಿಸಿದೀನಿ,” ಎಂದಳು ಬ್ಲಾಜೆನಾ.

ಒಂದು ಕಮ್ಮಿ. ವಿಲೇಮನ ಕಿವಿ ಬಿಸಿಯಾಯಿತು. ಯಾರು ಏನನ್ನೇ ಎಣಿಸಲಿ, ಅವನ ಕಿವಿ ಹೀಗೆ ಬಿಸಿಯಾಗುವುದು ಇಂದಿನದಲ್ಲ. ಡೇರಿಗೆ ಸೇರಿದ ಎರಡನೇ ವರ್ಷ ಗೇಟಿನ ಕಾವಲುಗಾರ ಅವನ ಬುತ್ತಿಚೀಲ ತೆರೆಸಿದ್ದ. ಸರದಿಯಲ್ಲಿ ಹಿಂದೆ ಮುನ್ನೂರು ಜನ. ಚೀಲದಿಂದ ಬ್ರೆಡ್ಡಿನ ತುಂಡು, ಚಹಾದ ಸೀಸೆ, ಆಮೇಲೆ ಒಂದು ಸ್ಟೀಲ್ ಬೋಲ್ಟು ಉರುಳಿತು. ಅದು ಅವನದೇ, ಸೈಕಲ್ಲಿಗೆಂದು ಅಂಗಡಿಯಲ್ಲಿ ಕೊಂಡದ್ದು. ಹೇಳಲು ಹೋದರೆ ನಾಲಿಗೆ ತೊದಲಿತು. ಕಾವಲುಗಾರ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, “ಹೋಗು, ಹೋಗು, ಇವತ್ತಿಗೆ ಬಿಟ್ಟಿದೀನಿ,” ಎಂದು ಬೆನ್ನು ತಟ್ಟಿ ಕಳಿಸಿದ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ಅವನು ಡೇರಿಯಿಂದ ಒಂದು ಮೊಳೆಯನ್ನೂ ಮನೆಗೆ ತರಲಿಲ್ಲ. ಬೇರೆಯವರು ಕೊಳವೆ ಕೊಳವೆಯೇ ಹೊತ್ತೊಯ್ದು ಬೇಲಿ ಕಟ್ಟಿಕೊಂಡರು. ಮನೆಯಲ್ಲಿ ಬಿಯರ್ ಮಾಡಲು ಶುರುಮಾಡಿದಾಗಲೂ ಅಷ್ಟೇ. ಈ ಊರಿನಲ್ಲಿ ಹತ್ತು ಮನೆಯವರು ಮಾಡುತ್ತಾರೆ, ಆದರೆ ಇಷ್ಟು ಲೀಟರು ಮಾಡುತ್ತೇನೆ, ಮಾರುವುದಿಲ್ಲ ಎಂದು ಸುಂಕದ ಕಚೇರಿಗೆ ಕಾಗದ ಬರೆದು ತಿಳಿಸುವವನು ಅವನೊಬ್ಬನೇ. ಕಚೇರಿಯ ಹುಡುಗಿ ಆ ಕಾಗದ ನೋಡಿ ನಕ್ಕಿದ್ದಳು. ಒಳಗಿನ ಬಿಯರಿಗೆ ಕಾನೂನಿನ ಅಭ್ಯಂತರವಿಲ್ಲ. ಅದು ಬೇಯುವ ಪಾತ್ರೆ ಮಾತ್ರ ಪರರದು.

“ಬೇಜಾರು ಮಾಡ್ಕೋಬೇಡಿ,” ಎಂದಳು ಹವ್ರಾಂಕೊವಾ ಬ್ಲಾಜೆನಾಗೆ. “ಕೇಳೋದು ನನ್ನ ಕೆಲಸ. ಸ್ಟೀಲಿಗೆ ಗುಜರಿಯಲ್ಲಿ ಒಳ್ಳೇ ಬೆಲೆ ಇದೆ. ನಿಮ್ಮ ಯಜಮಾನರು ಎಲ್ಲಾದ್ರೂ… ಕಾಯಿಲೆಯ ಖರ್ಚು ಗಿರ್ಚು ಅಂತ…”

ಬ್ಲಾಜೆನಾಳ ಕುತ್ತಿಗೆಯ ಮೇಲೆ ಕೆಂಪು ಮಚ್ಚೆಗಳೆದ್ದವು. “ನನ್ನ ಗಂಡ ಬೇರೆ ಏನೇನು ಮಾಡಿದ್ನೋ ದೇವರಿಗೇ ಗೊತ್ತು,” ಎಂದಳು. “ಪೀಪಾಯಿ ಮಾರೋನಲ್ಲ.”

ಬೇರೆ ಏನೇನು. ಆ ಮಾತು ವಿಲೇಮನಿಗೆ ವಿಚಿತ್ರವಾಗಿ ಕೇಳಿಸಿತು. ಆದರೆ ಅದನ್ನು ಹಿಡಿದು ನೋಡುವಷ್ಟು ಹೊತ್ತಿರಲಿಲ್ಲ, ಏಕೆಂದರೆ ಹವ್ರಾಂಕೊವಾ ಆಗಲೇ ಹಲಗೆಗೆ ಸಿಕ್ಕಿಸಿದ ಕಾಗದದ ಮೇಲೆ ಪೆನ್ನು ಇಟ್ಟಿದ್ದಳು. ಆ ಪೆನ್ನು ಒಂದು ಸಾಲು ಬರೆಯುತ್ತದೆ, ಆ ಸಾಲಿನಲ್ಲಿ ಲುದ್ವೀಕನ ಹೆಸರಿರುತ್ತದೆ, ಅವನ ಹೆಸರಿನ ಮುಂದೆ ಗುಜರಿ ಎಂದಿರುತ್ತದೆ.

“ನಾನು ತಗೊಂಡೆ,” ಎಂದ ವಿಲೇಮ್.

ಇಬ್ಬರೂ ಹೆಂಗಸರು ತಿರುಗಿ ನೋಡಿದರು. ಲಾರಿಯ ಚಾಲಕ ಕೂಡ ಸಿಗರೇಟು ಬಾಯಿಂದ ತೆಗೆದ.

“ತಗೊಂಡೆ ಅಂದ್ರೆ?”

“ಕದ್ದೆ. ಇಲ್ಲೇ ಗೋಡೆ ಪಕ್ಕ ಇತ್ತು. ಯಾರನ್ನೂ ಕೇಳ್ಲಿಲ್ಲ. ತಲೆ ಕೊಯ್ದು ಹಂಡೆ ಮಾಡ್ಕೊಂಡಿದೀನಿ. ಬಿಯರ್ ಬೇಯ್ಸೋಕೆ.”

ಬ್ಲಾಜೆನಾ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ, ಗಂಡ ಸತ್ತ ಮೇಲೆ ಮೊದಲ ಸಲವೇನೋ, ಗಟ್ಟಿಯಾಗಿ ನಕ್ಕುಬಿಟ್ಟಳು. “ನೀನಾ? ಕಾಡಲ್ಲಿ ಸಿಕ್ಕಿದ ಅಣಬೆ ಬುಟ್ಟೀನ ಪೊಲೀಸರಿಗೆ ಕೊಟ್ಟು ಬಂದೋನು ನೀನು! ಅಣಬೇನೂ ಸೇರಿಸಿ!”

ಚಾಲಕನೂ ನಕ್ಕ. ಹವ್ರಾಂಕೊವಾ ನಗಲಿಲ್ಲ. “ಯಾವಾಗ ತಗೊಂಡ್ರಿ?” ಎಂದು ಕೇಳಿದಳು. ಕಾಗದದಲ್ಲಿ ಅದಕ್ಕೊಂದು ಖಾನೆಯಿತ್ತು.

ವಿಲೇಮ್ ಎಲ್ಲಕ್ಕಿಂತ ಹೆಚ್ಚಾಗಿ ಹೆದರಿದ್ದು ಇದೊಂದು ಪ್ರಶ್ನೆಗೆ. “ಸೆಪ್ಟೆಂಬರಿನಲ್ಲಿ,” ಎಂದ.

ಆಕೆ ಯಂತ್ರದ ಪುಟ್ಟ ಪರದೆಯನ್ನು ಬೆರಳಿನಿಂದ ಸರಿಸುತ್ತ ಹೋದಳು. “ಸಿಗದೇ ಇರೋದು ಫೆಬ್ರವರಿ ಕೊನೇಲಿ ಬಂದ ಪೀಪಾಯಿ. ಆಮೇಲೆ ಬಂದವೆಲ್ಲ ಖಾಲಿಯಾಗಿ ವಾಪಸ್ ಹೋಗಿ, ಮತ್ತೆ ತುಂಬಿ ಬಂದಿವೆ. ಇದೊಂದು ಮಾತ್ರ ಏಳು ತಿಂಗಳು ಗೋಡೆ ಪಕ್ಕ ಕೂತಿತ್ತಾ?”

“ಕೂತಿತ್ತು,” ಎಂದ ವಿಲೇಮ್. ಬ್ಲಾಜೆನಾಳ ನಗು ನಿಂತದ್ದನ್ನು ಅವಳ ಕಡೆ ನೋಡದೆಯೇ ತಿಳಿದ.

ಹವ್ರಾಂಕೊವಾ ಬರೆದುಕೊಂಡಳು. ಪೀಪಾಯಿ ಕಾರ್ಖಾನೆಯ ಸ್ವತ್ತು. ಠೇವಣಿ ಕಟ್ಟಿದ ಮಾತ್ರಕ್ಕೆ ಯಾರದೂ ಆಗುವುದಿಲ್ಲ. ಕೊಯ್ದಿದ್ದರೂ ಸರಿ, ಸೋಮವಾರ ಹತ್ತು ಗಂಟೆಗೆ ಡಿಪೋಗೆ ತರಬೇಕು. ದೂರು ಕೊಡಬೇಕೋ ಬೇಡವೋ ಆಮೇಲೆ ನೋಡೋಣ. “ನೀವಾಗಿಯೇ ಹೇಳಿದ್ರಿ. ಅದನ್ನೂ ಬರೀತೀನಿ,” ಎಂದಳು. ಆ ಒಂದು ದಯೆಯ ಮಾತಿಗೆ ಬೆನ್ನು ತಟ್ಟಿ ಕಳಿಸಿದ ಕಾವಲುಗಾರನ ಅಂಗೈ ಬೆನ್ನಿನ ಮೇಲೆ ಮತ್ತೆ ಬಿದ್ದಂತಾಯಿತು. ಅವನು ಕೈಗವಸು ತೊಟ್ಟು ನಲವತ್ತೊಂದು ಪೀಪಾಯಿಗಳನ್ನೂ ಲಾರಿಗೆ ಏರಿಸಿಕೊಟ್ಟ.

ಮನೆಯಲ್ಲಿ ಯಾರ್ಮಿಲಾಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಪ್ಲಮ್ ಹಣ್ಣಿನ ಮುರಬ್ಬ ತಿರುವುತ್ತಿದ್ದವಳು ಸೌಟು ಎತ್ತಿ ಹಿಡಿದಳು. “ಮೂವತ್ತೈದು ವರ್ಷದಲ್ಲಿ ನನಗೆ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರ್ಲಿಲ್ಲ ನಿಂಗೆ. ಈಗ ಕಾರ್ಖಾನೆಯವರಿಗೇ ಹೇಳೋಕೆ ಹೋಗಿದೀಯಾ? ಲುದ್ವೀಕ್ ಕೊಟ್ಟಿದ್ದು ತಾನೇ ಅದು?”

“ಕೊಟ್ಟಿದ್ದು ಅಂದ್ರೆ ಅವನ ಹೆಸರು ಕೆಡತ್ತೆ.”

“ನಿನ್ನ ಹೆಸರೇನು ಬೀದೀಲಿ ಬಿದ್ದಿದೆಯಾ?” ಎಂದಳು ಅವಳು. ಅವನು ಗ್ಯಾರೇಜಿಗೆ ಹೋದ. ಹೆಸರಿನ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಯಾರ್ಮಿಲಾಗೂ ಗೊತ್ತಿಲ್ಲ.

ಕೌದಿ ಬಿಚ್ಚಿದ. ಮೂರು ತಾಸು ಕಳೆದಿದ್ದರೂ ಹಂಡೆ ಬೆಚ್ಚಗೇ ಇತ್ತು. ಹಬೆಯ ಜೊತೆ ಬ್ರೆಡ್ಡಿನಂಥ, ಜೇನಿನಂಥ ವಾಸನೆ ಎದ್ದಿತು. ಕೆಳಗಿನ ನಲ್ಲಿ ತಿರುಗಿಸಿದಾಗ ಹೊಂಬಣ್ಣದ ಸಿಹಿನೀರು ದಾರದಂತೆ ಬಕೆಟ್ಟಿಗೆ ಇಳಿಯತೊಡಗಿತು. ಆ ನಲ್ಲಿಯನ್ನು ಕೂರಿಸಿದ ದಿನ ಅವನ ಕೈಗೆ ಇನ್ನೂ ನೆನಪಿದೆ. ಮಾರ್ಚ್ ತಿಂಗಳು, ಬೀದಿಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಲುದ್ವೀಕ್ ತನ್ನ ಹಳೇ ವ್ಯಾನಿನ ಹಿಂಬಾಗಿಲು ತೆರೆದು, ಕಂಬಳಿಯಡಿ ಮಲಗಿಸಿದ್ದ ಪೀಪಾಯಿಯನ್ನು ತೋರಿಸಿದ. “ತಗೋ. ಇದರ ತಲೆ ಕೊಯ್ದು ಒಂದು ಒಳ್ಳೇ ಹಂಡೆ ಮಾಡ್ಕೋ ಮಾರಾಯ. ನಿನ್ನ ಆ ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆ ನೋಡಿದ್ರೆ ನಂಗೆ ಅಳು ಬರತ್ತೆ.” ವಿಲೇಮ್ ಹಿಂದೆ ಸರಿದ. “ಇದು ನಿಂದಲ್ಲ.” “ಠೇವಣಿ ಕಟ್ಟಿದೀನಿ.” “ಲೈಬ್ರರಿಗೂ ಠೇವಣಿ ಕಟ್ತೀವಿ. ಪುಸ್ತಕ ಹರಿದು ಪೊಟ್ಟಣ ಕಟ್ಟೋಕೆ ಬರತ್ತಾ? ಇಲ್ನೋಡು, ಅಂಚಿನ ಮೇಲೇ ಒತ್ತಿದಾರೆ: ಕಾರ್ಖಾನೆಯ ಸ್ವತ್ತು, ಮಾರಾಟಕ್ಕಿಲ್ಲ.” ಲುದ್ವೀಕ್ ನಕ್ಕ. ಆಮೇಲೆ ವ್ಯಾನಿನ ಅಂಚಿಗೆ ಕೂತು, ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ, “ನನ್ನ ಹೊಟ್ಟೆಯೊಳಗೂ ಒಂದು ಗಡ್ಡೆ ಸಿಕ್ಕಿದೆಯಂತೆ, ವಿಲೇಮ್. ಮುಷ್ಟಿಯಷ್ಟು. ಅದೂ ನಂದಲ್ಲ. ಆದ್ರೆ ಅದನ್ನ ಯಾರೂ ವಾಪಸ್ ಕೇಳ್ತಾ ಇಲ್ಲ ನೋಡು,” ಎಂದ.

ಹೀಗೆ ಗೊತ್ತಾಯಿತು ಅದು. ಹಾಗೆ ಹೇಳಿದವನ ಕೈಯಿಂದ ಬಂದದ್ದನ್ನು ಬೇಡವೆನ್ನುವುದು ಹೇಗೆ? ಪೀಪಾಯಿ ವ್ಯಾನಿನಿಂದ ಇಳಿಯಿತು. ಬ್ಲಾಜೆನಾಗೆ ಹೇಳಬೇಡ ಎಂದ ಲುದ್ವೀಕ್. “ಇವತ್ತು ಹೇಳಿದ್ರೆ ಅವಳು ಇವತ್ತಿಂದಾನೇ ವಿಧವೆ ಆಗಿಬಿಡ್ತಾಳೆ. ಈ ವಸಂತ ಒಂದು ಕಳೀಲಿ. ನಾನು ಹೋದ ಮೇಲೂ ಹೇಳಬೇಡ, ಮೊದಲೇ ಗೊತ್ತಿತ್ತು ಅಂತ. ತನ್ನಿಂದ ಮುಚ್ಚಿಟ್ರು ಅನ್ನೋದು ಸಾವಿಗಿಂತ ಜಾಸ್ತಿ ಚುಚ್ಚತ್ತೆ ಅವಳಿಗೆ.” ವಿಲೇಮ್ ಮಾತು ಕೊಟ್ಟ. ಮರುದಿನ ಪೀಪಾಯಿಯ ಒತ್ತಡವನ್ನೆಲ್ಲ ಹೊರಬಿಟ್ಟು, ಒಳಗಿನ ಉದ್ದ ಕೊಳವೆಯನ್ನು ಕಿತ್ತು ತೆಗೆದು, ನೆತ್ತಿಯ ಮೇಲೆ ಸೀಮೆಸುಣ್ಣದಿಂದ ವೃತ್ತ ಎಳೆದು, ಗ್ರೈಂಡರ್ ಹಿಡಿದು ನಿಂತ. ಅಕ್ಷರಗಳ ಒಳಬದಿಯಿಂದಲೇ ಕೊಯ್ದ; ಒಂದಕ್ಷರಕ್ಕೂ ಗಾಯವಾಗಲಿಲ್ಲ. ಹಾಗೆ ಮಾಡಿದರೆ ತಪ್ಪು ಸ್ವಲ್ಪ ಕಡಿಮೆಯಾಗುತ್ತದೆ ಎಂಬಂತೆ. ಕಿಡಿಗಳು ಮೊಣಕಾಲಿಗೆ ಬಡಿಯುತ್ತಿದ್ದವು. ಅವನು ಕನ್ನಡಕದ ಹಿಂದೆ ಅಳುತ್ತಿದ್ದ. ಗ್ರೈಂಡರಿನ ಸದ್ದಿನಲ್ಲಿ ಅತ್ತರೆ ಪಕ್ಕದ ಮನೆಗೂ ಕೇಳುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಬದುಕಿನಲ್ಲಿ ಹಾಕಿದ ಬೆಸುಗೆಗಳಲ್ಲೆಲ್ಲ ಆ ನಲ್ಲಿಯ ಬೆಸುಗೆ ಅತ್ಯುತ್ತಮವಾದದ್ದು. ಅದೂ ಒಂದು ಅಪಮಾನವೇ: ತನ್ನ ಕೈಯ ಅತಿ ಒಳ್ಳೆಯ ಕೆಲಸ ಪರರ ವಸ್ತುವಿನ ಮೇಲೆ.

ಮಧ್ಯಾಹ್ನ ಎರಡರ ಹೊತ್ತಿಗೆ ಸಿಹಿನೀರೆಲ್ಲ ಮತ್ತೆ ಹಂಡೆ ಸೇರಿ ಕುದಿಯತೊಡಗಿತ್ತು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಮೊದಲ ಹಿಡಿಯನ್ನು ಎಸೆದು ಕೈ ಮೂಸಿಕೊಳ್ಳುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಬ್ಲಾಜೆನಾ. ಅದೇ ಉಣ್ಣೆ ಕೋಟು. ಅವಳು ಗ್ಯಾರೇಜಿನ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು. ಅವನ ಮುಖವನ್ನೂ ನೋಡದೆ ನೇರವಾಗಿ ಹಂಡೆಯ ಹತ್ತಿರ ಹೋಗಿ, ಬಗ್ಗಿ, ಅಂಚಿನ ಅಕ್ಷರಗಳನ್ನು ಓದಿದಳು.

“ಚೆನ್ನಾಗಿ ಮಾಡಿದೀಯ,” ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, “ಈಗ ನಿಜ ಹೇಳು. ಏಳು ತಿಂಗಳು ನನ್ನ ಹಿತ್ತಲಲ್ಲಿ ಒಂದು ಪೀಪಾಯಿ ಸುಮ್ನೆ ಕೂತಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ? ಅದಕ್ಕೆ ಎಡವಿ ಎಡವಿ ಕಾಲು ಮುರ್ಕೋತಿದ್ದೆ. ಅವನೇ ಕೊಟ್ಟಿದ್ದು. ಯಾಕೆ ಕೊಟ್ಟ?”

“ಬ್ಲಾಜೆನಾ, ಕೂತ್ಕೋ.”

“ಕೂರಲ್ಲ. ಬಾಯಿ ಮುಚ್ಚಿಸೋಕೆ ಕೊಟ್ನಾ? ಲಂಚಾನಾ ಇದು?”

ಅವನಿಗೆ ತಿಳಿಯಲಿಲ್ಲ. “ಯಾರ ಬಾಯಿ?”

“ನಿನ್ನ ಬಾಯಿ!” ಅವಳ ದನಿ ಹಂಡೆಗೆ ತಾಗಿ ತಿರುಗಿ ಬಂತು. “ಗುರುವಾರ ಗುರುವಾರ ನಿನ್ನ ಜೊತೆ ಇಸ್ಪೀಟು ಆಡೋಕೆ ಹೋಗ್ತೀನಿ ಅಂತಿದ್ದ. ಬೆಳಿಗ್ಗೆ ಕ್ಷೌರ ಮಾಡ್ಕೊಂಡು, ಒಳ್ಳೇ ಅಂಗಿ ಹಾಕ್ಕೊಂಡು! ಒಂದಿನ ಇಲ್ಲಿಗೆ ಫೋನ್ ಮಾಡ್ದೆ. ನೀನು ಹಳೇ ಡೇರಿಯೋರ ಜೊತೆ ಪಟ್ಟಣಕ್ಕೆ ಹೋಗಿದೀಯ ಅಂದ್ಲು ಯಾರ್ಮಿಲಾ. ಇಸ್ಪೀಟೂ ಇಲ್ಲ ಗಿಸ್ಪೀಟೂ ಇಲ್ಲ. ವಾಪಸ್ ಬಂದಾಗ ಕೈಯಿಂದ ಹೆಂಗಸರ ಸೋಪಿನ ವಾಸನೆ. ಲ್ಯಾವೆಂಡರ್. ನೀನು ಅವನಿಗೆ ಮರೆ ನಿಂತಿದ್ದೆ. ಯಾರವಳು, ಅಷ್ಟು ಹೇಳು. ನಾನೇನೂ ಮಾಡಲ್ಲ. ಅವನ ಮಣ್ಣಿನ ದಿನ ಚರ್ಚಿನಲ್ಲಿ ಪೆಟ್ಟಿಗೆ ಕಡೆ ನೋಡ್ಲಿಲ್ಲ ಕಣೋ ನಾನು. ಬಂದಿದ್ದ ಹೆಂಗಸರ ಮುಖ ಒಂದೊಂದೇ ನೋಡ್ತಾ ಕೂತಿದ್ದೆ, ಯಾರು ಜಾಸ್ತಿ ಅಳ್ತಾಳೆ ಅಂತ. ನಲವತ್ತು ವರ್ಷ ಬಾಳಿದ ಗಂಡನಿಗೆ ಅಳೋಕೆ ನನಗೆ ಪುರುಸೊತ್ತೇ ಆಗ್ಲಿಲ್ಲ.”

ವಿಲೇಮನ ಕೈಯಿಂದ ಸೌಟು ಜಾರಿ ಹಂಡೆಯೊಳಗೆ ಮುಳುಗಿತು. ಮಣ್ಣಿನ ದಿನ ಎಲ್ಲರಿಗೂ ಸೂಪು ಬಡಿಸಿದ ಬ್ಲಾಜೆನಾ ತನ್ನ ತಟ್ಟೆಯನ್ನು ದಾಟಿ ಹೋದದ್ದು, ಆಮೇಲೆ ಬೀದಿಯಲ್ಲಿ ಕಂಡರೂ ಬರೀ ತಲೆಯಾಡಿಸಿ ಹೋಗುತ್ತಿದ್ದದ್ದು ನೆನಪಾಯಿತು. ಪೀಪಾಯಿಯ ವಿಷಯ ಗೊತ್ತಾಗಿದೆ, ಮರ್ಯಾದೆಗೆಂದು ಸುಮ್ಮನಿದ್ದಾಳೆ ಎಂದುಕೊಂಡಿದ್ದ ಅವನು; ಎರಡು ತಿಂಗಳು ಪೀಪಾಯಿಗಾಗಿ ನಾಚಿಕೆಪಟ್ಟಿದ್ದ. ಈ ಹೆಂಗಸು ಎರಡು ತಿಂಗಳು, ಅಲ್ಲ, ವಸಂತದಿಂದಲೂ, ಇಲ್ಲದ ಒಬ್ಬಳನ್ನು ಹುಡುಕುತ್ತಿದ್ದಳು. ತಾನು ಕೊಟ್ಟ ಮಾತಿನ ಮೇಲೆ ಒಂದು ಸಂಸಾರ ಹೀಗೆ ಒಳಗೊಳಗೇ ಕೊಳೆಯುತ್ತಿದೆ ಎಂದು ಸತ್ತವನಿಗೂ ಗೊತ್ತಿರಲಿಲ್ಲ, ಬದುಕಿದವನಿಗೂ ಗೊತ್ತಿರಲಿಲ್ಲ. ಮಾತು ಉಳಿಸುವುದೇ ಒಳ್ಳೆಯತನವೆಂದು ಬಾಳಿದವನಿಗೆ ಇದು ನೆಲ ಜಾರಿದಂತೆ. ಬೆಂಕಿ ಸಣ್ಣಗೆ ಮಾಡಿದ. ಬೆಂಕಿ ಸಣ್ಣಗೆ ಮಾಡುವಷ್ಟು ಹೊತ್ತು ಮಾತ್ರ ಲುದ್ವೀಕನ ಕ್ಷಮೆ ಕೇಳಿಕೊಂಡ.

“ಯಾರೂ ಇಲ್ಲ, ಬ್ಲಾಜೆನಾ. ಆಸ್ಪತ್ರೆಗೆ ಹೋಗ್ತಿದ್ವಿ. ಒಲೊಮೌತ್ಸಿಗೆ. ನಾನೇ ಕಾರಲ್ಲಿ ಕರ್ಕೊಂಡು ಹೋಗ್ತಿದ್ದೆ.”

“ಅದು ಜೂನಿನಲ್ಲಿ. ಮೈ ಹಳದಿ ತಿರುಗಿದ ಮೇಲೆ.”

“ಅಲ್ಲ. ಮಾರ್ಚಿಂದ. ಅವನಿಗೆ ಮಾರ್ಚಲ್ಲೇ ಗೊತ್ತಿತ್ತು. ಪೀಪಾಯಿ ಕೊಟ್ಟ ದಿನ ಹೇಳ್ದ. ಆ ವಾಸನೆ… ಆಸ್ಪತ್ರೆ ಬಾಗಿಲಲ್ಲಿ ಕೈ ತೊಳ್ಯೋಕೆ ಒಂದು ನೀರು ಇಟ್ಟಿರ್ತಾರೆ. ಲ್ಯಾವೆಂಡರ್ ವಾಸನೆ. ನನ್ನ ಕೈಗೂ ಬರ್ತಿತ್ತು.”

ಬ್ಲಾಜೆನಾ ಕೂತಳು. ಬಾಟಲಿ ಜೋಡಿಸುವ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ. ಅವಳು ಅಳುತ್ತಾಳೆಂದು ಅವನು ಕಾದ. ಬೈಯುತ್ತಾಳೆಂದು ಕಾದ. ಅವಳು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು.

“ಏಪ್ರಿಲ್‌ನಲ್ಲಿ ನನ್ನ ಕುಣಿಯೋಕೆ ಕರ್ಕೊಂಡು ಹೋದ,” ಎಂದಳು. “ಅಗ್ನಿಶಾಮಕದೋರ ಹಬ್ಬಕ್ಕೆ. ಇಪ್ಪತ್ತು ವರ್ಷ ಆಗಿತ್ತು ಅವನು ಕುಣಿದು. ತಪ್ಪು ಮಾಡಿದ ಗಂಡಸು ಹೆಂಡತಿಗೆ ಹೀಗೆ ಬೆಣ್ಣೆ ಹಚ್ತಾನೆ ಅನ್ಕೊಂಡೆ. ಕಲ್ಲಿನ ಹಾಗೆ ಕುಣಿದೆ ಅವನ ಜೊತೆ. ಆಮೇಲೆ ಮೇ ತಿಂಗಳಲ್ಲಿ ಚೆರಿ ಮರದ ಕೆಳಗೆ ಮುತ್ತು ಕೊಡೋಕೆ ಬಂದ, ಮೇ ಒಂದನೇ ತಾರೀಕು ಎಲ್ಲರೂ ಕೊಡೋ ಹಾಗೆ. ಮುಖ ತಿರುಗಿಸ್ಕೊಂಡೆ. ಹೋಗಿ ಅವಳಿಗೆ ಕೊಡು ಅಂತ ಮನಸ್ಸಲ್ಲೇ ಅಂದ್ಕೊಂಡೆ.” ಅಲ್ಲಿಗೆ ಅವಳ ದನಿ ಒಡೆಯಿತು. “ನೀವಿಬ್ರೂ ಸೇರಿ ನನ್ನ ವಸಂತ ತಿಂದ್ಬಿಟ್ರಲ್ಲೋ.”

“ಹೌದು,” ಎಂದ ವಿಲೇಮ್. ಬೇರೆ ಏನು ಹೇಳಿದ್ದರೂ ಅದು ತನ್ನ ರಕ್ಷಣೆಗೆ ಹೇಳಿದ್ದಾಗುತ್ತಿತ್ತು. “ನಿನಗೆ ಮೂರು ತಿಂಗಳು ಉಳಿಸಿಕೊಡ್ತಿದೀವಿ ಅನ್ಕೊಂಡಿದ್ವಿ.”

ಅವಳು ಅತ್ತಳು. ಹಂಡೆಯ ಬಿಸಿಗೆ ಮುಖವೊಡ್ಡಿ, ಕೋಟಿನ ತೋಳಿನಿಂದ ಒರೆಸಿಕೊಳ್ಳುತ್ತ, ಚರ್ಚಿನಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ವಿಲೇಮ್ ಎರಡನೇ ಹಿಡಿ ಹಾಪ್ಸ್ ಹಾಕುವ ಹೊತ್ತು ಮೀರಿದರೂ ಹಾಕಲಿಲ್ಲ. ಯಾರ್ಮಿಲಾ ಬಾಗಿಲಿಗೆ ಬಂದು, ನೋಡಿ, ಹಿಂದಿರುಗಿ, ಸ್ವಲ್ಪ ಹೊತ್ತಿಗೆ ಬ್ರೆಡ್ಡಿನ ಮೇಲೆ ಬಿಸಿ ಮುರಬ್ಬ ಸವರಿಕೊಂಡು ತಂದು ಬ್ಲಾಜೆನಾಳ ಮಡಿಲಲ್ಲಿಟ್ಟು ಹೋದಳು. ತಿಂದು ಮುಗಿಸಿ ಬೆರಳು ನೆಕ್ಕಿಕೊಂಡು ಬ್ಲಾಜೆನಾ ಎದ್ದಳು. “ಸೋಮವಾರ ನಾನೂ ಬರ್ತೀನಿ,” ಎಂದಳು. “ಕದ್ದೆ ಅಂತ ಬರೆಸಿದೀಯಲ್ಲ, ಅದನ್ನ ಹೊಡೆದುಹಾಕ್ಬೇಕು.”

ಸೋಮವಾರ ಡಿಪೋದಲ್ಲಿ ಹವ್ರಾಂಕೊವಾ ಹಂಡೆಯನ್ನು ಮೇಜಿನ ಮೇಲಿಡಿಸಿಕೊಂಡು ಸುತ್ತ ನೋಡಿದಳು. ಭಾನುವಾರವಿಡೀ ವಿಲೇಮ್ ಅದನ್ನು ಉಜ್ಜಿದ್ದ. ಕೊನೆಯ ಬಿಯರು ಗಾಜಿನ ಬುರುಡೆಗಳಲ್ಲಿ ಹುದುಗಲು ಕೂತಿತ್ತು. ಆಕೆ ಒಳಗೆ ಕೈ ಹಾಕಿ ನಲ್ಲಿಯ ಬೆಸುಗೆಯ ಮೇಲೆ ಬೆರಳಾಡಿಸಿದಳು. ಬೆರಳು ಎಲ್ಲೂ ತಡೆಯಲಿಲ್ಲ. “ಹನ್ನೊಂದು ವರ್ಷ ಆಯ್ತು ಈ ಕೆಲಸಕ್ಕೆ ಬಂದು,” ಎಂದಳು. “ಹಂಡೆ ಮಾಡ್ಕೊಳ್ಳೋರು ಬೇಕಾದಷ್ಟು ಜನ ಇದಾರೆ. ವಾಪಸ್ ತಂದೋರನ್ನ ಇವತ್ತೇ ನೋಡಿದ್ದು.”

“ಆ ಕಾಗದದಲ್ಲಿ ಒಂದು ತಪ್ಪಿದೆ,” ಎಂದಳು ಬ್ಲಾಜೆನಾ. “ಇವನು ಕದ್ದಿಲ್ಲ. ನನ್ನ ಗಂಡ ಕೊಟ್ಟಿದ್ದು. ಮಾರ್ಚಿನಲ್ಲಿ. ತಾರೀಕು ಹೇಳೋ.”

“ಹದಿನಾಲ್ಕು,” ಎಂದ ವಿಲೇಮ್.

“ಹಾಗೆ ಬರೆದ್ರೆ ನಿಮ್ಮ ಯಜಮಾನರ ಹೆಸರು ಬರತ್ತೆ,” ಎಂದಳು ಹವ್ರಾಂಕೊವಾ. “ಸತ್ತೋರ ಮೇಲೆ ನಾವು ದೂರು ಕೊಡಲ್ಲ. ಆದ್ರೂ, ಬರತ್ತೆ.”

“ಬರಲಿ ಬಿಡಿ. ತನ್ನದಲ್ಲದ್ದನ್ನ ಕೊಟ್ಟಿದಾನೆ. ಏನೂ ಮಾಡದ ದೇವರಂಥ ಮನುಷ್ಯ ಅಂತ ನನಗೆ ಬೇಡ. ಏನು ಮಾಡಿದ್ನೋ ಅದನ್ನೇ ಬರೀರಿ.”

ಹವ್ರಾಂಕೊವಾ ಒಂದು ಪದವನ್ನು ಹೊಡೆದು, ಮೇಲೆ ಇನ್ನೊಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಆಮೇಲೆ ಪೆನ್ನು ಕೆಳಗಿಟ್ಟು ಹಂಡೆಯನ್ನೇ ನೋಡುತ್ತ ಕೂತಳು. “ನನಗೇನನ್ಸತ್ತೆ ಗೊತ್ತಾ? ತಗೊಂಡು ಹೋಗಿ ಅನ್ಬೇಕು ಅನ್ಸತ್ತೆ. ಕೊಯ್ದ ಪೀಪಾಯಿ ಕಾರ್ಖಾನೆಗೆ ಪ್ರಯೋಜನ ಇಲ್ಲ, ಅದನ್ನ ಯಂತ್ರಕ್ಕೆ ಹಾಕಿ ಅಪ್ಪಚ್ಚಿ ಮಾಡ್ತಾರೆ ಅಷ್ಟೇ. ಆದ್ರೆ ಕೊಡೋಕೆ ಇದು ನನ್ನದಲ್ಲವಲ್ಲ.”

“ಅಲ್ಲ,” ಎಂದ ವಿಲೇಮ್. ಅವನಿಗೆ ಆಕೆಯ ಮೇಲೆ ಇದ್ದಕ್ಕಿದ್ದಂತೆ ತಂಗಿಯ ಮೇಲಿನಂಥ ಅಕ್ಕರೆ ಹುಟ್ಟಿತು. ಇಬ್ಬರು ಆಳುಗಳು ಬಂದು ಹಂಡೆಯನ್ನು ಎತ್ತಿಕೊಂಡು ಹೋದರು. ತೆರೆದ ಬಾಗಿಲಲ್ಲಿ ಬೆಸುಗೆ ಒಮ್ಮೆ ಬಿಸಿಲಿಗೆ ಹೊಳೆಯಿತು. ವಿಲೇಮನ ಕಿವಿಗಳು ತಣ್ಣಗಿದ್ದವು. ಅವು ತಣ್ಣಗಿರುವುದನ್ನು ಅವನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

ಕಾರು ಊರಿನ ಕಡೆ ತಿರುಗುವ ಕೂಡುರಸ್ತೆಯಲ್ಲಿ ಬ್ಲಾಜೆನಾ, “ನೇರ ಹೋಗು,” ಎಂದಳು. ಬೀಟ್‌ಗೆಡ್ಡೆ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಹೋಗಿ ಒಲೊಮೌತ್ಸ್ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕಟ್ಟಡದ ಪಕ್ಕ, ಒಂದು ಬೆಂಚು. ಎದುರಿಗೆ ಸೈಕಲ್ಲುಗಳನ್ನು ನಿಲ್ಲಿಸುವ ತಗಡಿನ ಮಾಡು. ಚೆಂದದ ಜಾಗವೇನಲ್ಲ. ಸೂಜಿ ಚುಚ್ಚಿಸಿಕೊಂಡು ಬಂದ ಲುದ್ವೀಕನ ತಲೆ ತಿರುಗುವುದು ನಿಲ್ಲುವವರೆಗೆ ಇಬ್ಬರೂ ಇಲ್ಲೇ ಕೂರುತ್ತಿದ್ದರು. ಯಾವ ಬದಿಗೆ ಕೂರುತ್ತಿದ್ದ ಎಂದು ಅವಳು ಕೇಳಿದಳು. ವಿಲೇಮ್ ತೋರಿಸಿದ. ಅವಳು ಅಲ್ಲಿ ಕೂರದೆ ಅದರ ಪಕ್ಕದಲ್ಲಿ ಕೂತಳು.

“ಏನು ಮಾತಾಡ್ತಿದ್ದ?”

“ನಿನ್ನ ಬೈತಿದ್ದ.”

“ಏನಂತ?” ಅವಳ ಕಣ್ಣು ಅರಳಿತು.

“ನೀನು ಊಟದ ಕೋಣೆಗೆ ತಂದ ಹಸಿರು ಪರದೆ ಇದೆಯಲ್ಲ. ಕೊಳದ ಪಾಚಿ ಥರ ಇದೆ, ಅಲ್ಲಿ ಕೂತು ಊಟ ಮಾಡಿದ್ರೆ ಮೀನು ಆದ ಹಾಗಾಗತ್ತೆ ಅಂತಿದ್ದ.”

“ಅಯ್ಯೋ ಪಾಪಿ! ನನ್ನ ಮುಂದೆ ಚೆನ್ನಾಗಿದೆ ಅಂದ!”

“ಅವಳಿಗೇ ಹೇಳ್ಬಾರ್ದಾ ಮತ್ತೆ ಅಂದೆ. ಅದಕ್ಕವನು, ಬೇಡ, ಹೇಳಿದ್ರೆ ಬದಲಾಯಿಸಿಬಿಡ್ತಾಳೆ. ನಾನಂತೂ ನೋಡೋಕೆ ಇರಲ್ಲ, ಅವಳಿಗೆ ಇಷ್ಟ ಇಲ್ಲದ ಪರದೆ ಅವಳ ಪಾಲಿಗೆ ಉಳಿಯತ್ತೆ ಅಂದ.”

ಬ್ಲಾಜೆನಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ; ಅವಳಿಗೂ ತಿಳಿದಂತಿರಲಿಲ್ಲ. ಬಿಳಿ ಬಟ್ಟೆ ತುಂಬಿದ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸು ಇವರನ್ನು ನೋಡಿ, ಇಂಥವರನ್ನು ದಿನಾ ನೋಡುವವಳಂತೆ, ಗಾಡಿಯ ಸದ್ದು ಕಡಿಮೆ ಮಾಡಿಕೊಂಡು ದಾಟಿ ಹೋದಳು. ಹದಿನಾಲ್ಕು ಗುರುವಾರಗಳು. ಒಂದೊಂದರಲ್ಲೂ ಒಂದೊಂದು ಗಂಟೆ ಈ ಬೆಂಚಿನ ಮೇಲೆ. ಇಷ್ಟು ದಿನ ಅವನ್ನೆಲ್ಲ ಹೊತ್ತುಕೊಂಡು ಓಡಾಡಿದ್ದ ವಿಲೇಮ್, ಯಾವುದನ್ನು ಮೊದಲು ಹೇಳಲಿ ಎಂದು ಯೋಚಿಸಿದ.

ಬ್ಲಾಜೆನಾ ಕೋಟನ್ನು ಮೊಣಕಾಲಿನ ಮೇಲೆ ಸರಿಪಡಿಸಿಕೊಂಡು, ಬೆನ್ನು ಬೆಂಚಿಗೆ ಆನಿಸಿ, ಆರಾಮವಾಗಿ ಕೂತಳು.

“ಇನ್ನೂ ಹೇಳು,” ಎಂದಳು.